ವಾಕಿಂಗ್ ಊರು ಮೈಸೂರಲ್ಲಿ ಎಲ್ಲ ಹಿರಿಯರಿಗೂ ದಾರಿ ಇದೆಯಾ?

ಮೈಸೂರು: ‘ಪಿಂಚಣಿದಾರರ ಸ್ವರ್ಗ’ ಅನ್ನೋ ಹೆಸರು ಮೈಸೂರಿಗೆ ಹಳೆಯದು. ಸರ್ಕಾರಿ ನೌಕರಿ ಮುಗಿಸಿ ಇಲ್ಲೇ ಮನೆ ಕಟ್ಟಿಕೊಂಡು ನೆಲೆ ನಿಂತವರು ಎಲ್ಲ ಬಡಾವಣೆಗಳಲ್ಲೂ ಸಿಗುತ್ತಾರೆ. ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ, ಚೆಲುವಾಂಬ ಪಾರ್ಕ್, ಮಾನಸಗಂಗೋತ್ರಿ ರಸ್ತೆ, ಬೆಳಗ್ಗೆ ಆರಕ್ಕೆ ಎಲ್ಲಿ ಹೋದರೂ ಸ್ವೆಟರ್, ಮಫ್ಲರ್, ಶೂ ಹಾಕಿದ ಹಿರಿಯರದೇ ಓಡಾಟ. ‘ಇವತ್ತು ಎಷ್ಟು ರೌಂಡು ಸಾರ್?’ ಅನ್ನೋದೇ ಅಲ್ಲಿ ನಮಸ್ಕಾರ. ನಡಿಗೆ ಮುಗಿದ ಮೇಲೆ ಬೆಂಚಿನ ಮೇಲೆ ಶುಗರ್, ಬಿಪಿ, ಡಿಎ ಬಾಕಿ, ಮಗಳ ಅಮೆರಿಕದ ವೀಸಾ, ರಾಜ್ಯ ರಾಜಕೀಯ ಎಲ್ಲವೂ ಚರ್ಚೆಗೆ ಬರುತ್ತವೆ.

ಈ ನೋಟ ನೋಡಿ ‘ನಮ್ಮೂರ ಹಿರಿಯರು ಗಟ್ಟಿಮುಟ್ಟು’ ಅಂತ ತೀರ್ಮಾನ ಮಾಡಿಬಿಟ್ಟರೆ ತಪ್ಪಾಗುತ್ತೆ. ಪಾರ್ಕಿಗೆ ಬಂದವರು ಕಣ್ಣಿಗೆ ಕಾಣುತ್ತಾರೆ. ಬಾರದವರು ಕಾಣಲ್ಲ. ಮಂಡಿ ನೋವು ಅಂತ ಮನೆಯಲ್ಲೇ ಉಳಿದವರು, ಮೊಮ್ಮಕ್ಕಳನ್ನು ಸ್ಕೂಲಿಗೆ ಹೊರಡಿಸುವ ಅಜ್ಜಿಯರು, ಪಿಂಚಣಿಯೇ ಇಲ್ಲದೆ ಇನ್ನೂ ದುಡಿಯುತ್ತಿರುವವರು, ರಿಂಗ್ ರೋಡ್ ಆಚೆಯ ಲೇಔಟ್‌ಗಳಲ್ಲಿ ಫುಟ್‌ಪಾತ್ ಇಲ್ಲದೆ ಗೇಟಿನೊಳಗೇ ಹೆಜ್ಜೆ ಹಾಕುವವರು ಈ ಚಿತ್ರದಲ್ಲಿ ಇಲ್ಲ. ಹಿರಿಯರ ಆರೋಗ್ಯದ ಬಗ್ಗೆ ಊರು ಯೋಚನೆ ಮಾಡಬೇಕಾದ್ದು ಇವರಿಂದ.

ದೇಶದ ಲೆಕ್ಕ ಏನು ಹೇಳುತ್ತೆ?

2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಆಮೇಲೆ ಆ ಸಂಖ್ಯೆ ಏರುತ್ತಲೇ ಇದೆ. ಇದೇ ಹೊತ್ತಲ್ಲಿ ಜನರ ಓಡಾಟ ಕಡಿಮೆಯಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ಸೇರಿ ಮಾಡಿದ, 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಕಷ್ಟು ಮೈ ಆಡಿಸುವುದಿಲ್ಲ. 2000ದಲ್ಲಿ ಈ ಪ್ರಮಾಣ ಶೇ 22ರ ಆಸುಪಾಸು ಇತ್ತು. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಜಗತ್ತಿನ ಎಲ್ಲ ಕಡೆ 60 ದಾಟಿದ ಮೇಲೆ ಓಡಾಟ ಇನ್ನಷ್ಟು ಇಳಿಯುತ್ತದೆ ಎಂದೂ ಅದೇ ಅಧ್ಯಯನ ಹೇಳಿದೆ.

ಈ ಅಂಕಿ ಸಿಕ್ಕಾಗಲೆಲ್ಲ ವೇದಿಕೆ ಮೇಲಿಂದ ಹಿರಿಯರಿಗೆ ಉಪದೇಶ ಶುರುವಾಗುತ್ತೆ. ‘ದಿನಾ ನಡೀರಿ, ಯೋಗ ಮಾಡಿ, ಟಿವಿ ಕಡಿಮೆ ಮಾಡಿ’ ಅಂತ. ಉಪದೇಶದಲ್ಲಿ ತಪ್ಪೇನಿಲ್ಲ. ಆದರೆ ಅದು ಕೇಳುವವರ ದಿನಚರಿ, ಮನೆ, ಬೀದಿ ನೋಡಿ ಹೇಳಿದ್ದಲ್ಲ.

ಹತ್ತು ಸಾವಿರ ಹೆಜ್ಜೆ ಬೇಕೇ ಬೇಕಾ?

ಮಕ್ಕಳು ಕೊಡಿಸಿದ ಸ್ಮಾರ್ಟ್ ವಾಚ್ ಕಟ್ಟಿಕೊಂಡು ‘ಇನ್ನೂ ಎರಡು ಸಾವಿರ ಬಾಕಿ’ ಅಂತ ಚಿಂತೆ ಮಾಡುವ ಹಿರಿಯರು ಈಗ ಎಲ್ಲ ಪಾರ್ಕಲ್ಲೂ ಇದ್ದಾರೆ. ಹತ್ತು ಸಾವಿರ ಅನ್ನೋ ಸಂಖ್ಯೆ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರೇ ‘ಹತ್ತು ಸಾವಿರ ಹೆಜ್ಜೆ ಮೀಟರ್’ ಎಂಬ ಅರ್ಥದ್ದು. ಆ ಸಂಖ್ಯೆ ಹಾಗೇ ಲೋಕವನ್ನೆಲ್ಲ ಸುತ್ತಿತು.

2022ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ 15 ಅಧ್ಯಯನಗಳನ್ನು, ಸುಮಾರು 47 ಸಾವಿರ ಜನರ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆ ಬಂತು. 60 ದಾಟಿದವರಲ್ಲಿ ದಿನಕ್ಕೆ 6 ಸಾವಿರದಿಂದ 8 ಸಾವಿರ ಹೆಜ್ಜೆವರೆಗೆ ಸಾವಿನ ಅಪಾಯ ಇಳಿಯುತ್ತಾ ಹೋಗುತ್ತೆ, ಅದರಾಚೆಗೆ ಹೆಚ್ಚಿನ ಲಾಭ ಕಾಣಲ್ಲ ಎಂಬುದು ಅದರ ಸಾರ. ತೀರಾ ಕಡಿಮೆ ನಡೆಯುವವರು ಸ್ವಲ್ಪ ಹೆಚ್ಚು ನಡೆದರೂ ಲಾಭ ಇದೆ.

ವಿಶ್ವ ಆರೋಗ್ಯ ಸಂಸ್ಥೆ ಕೂಡ 2020ರ ಮಾರ್ಗಸೂಚಿಯಲ್ಲಿ ಒಂದು ಮುಖ್ಯ ಬದಲಾವಣೆ ಮಾಡಿತು. ಒಂದೇ ಸಮ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ವ್ಯಾಯಾಮದ ಲೆಕ್ಕಕ್ಕೆ ಎಂಬ ಹಳೆಯ ನಿಯಮವನ್ನು ಕೈಬಿಟ್ಟಿತು. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಇರಲಿ, ಅದನ್ನು ಚೂರು ಚೂರಾಗಿ ಮಾಡಿದರೂ ಸರಿ ಎಂದಿತು. ಹಾಲಿನ ಬೂತಿಗೆ ಹೋಗಿ ಬಂದದ್ದು, ಸೊಪ್ಪು ತರಲು ಮಾರ್ಕೆಟ್ಟಿಗೆ ನಡೆದದ್ದು, ಗಿಡಕ್ಕೆ ನೀರು ಹೊತ್ತದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಆದರೆ ಹಾಲಿನ ಬೂತಿಗೆ ನಡೆದೇ ಹೋಗಬೇಕಾದರೆ ಆ ಬೀದಿ ನಡೆಯುವಂತಿರಬೇಕು. ಬೈಕು ನಿಲ್ಲಿಸಿದ ಫುಟ್‌ಪಾತ್, ಕಿತ್ತುಹೋದ ಚಪ್ಪಡಿ, ಮೂಲೆಯಲ್ಲಿ ಗುಂಪಾಗಿ ಮಲಗಿದ ಬೀದಿನಾಯಿ ಇದ್ದರೆ 75 ವರ್ಷದವರು ‘ಫೋನ್ ಮಾಡಿದ್ರೆ ಮನೆಗೇ ತಂದುಕೊಡ್ತಾನೆ’ ಅಂತ ಕೂತುಬಿಡುತ್ತಾರೆ.

ನಡಿಗೆ ಒಳ್ಳೇದು, ಆದರೆ ಅದೊಂದೇ ಸಾಲದು

ಪಾರ್ಕಿಗೆ ತಪ್ಪದೆ ಬರುವವರಿಗೂ ಗೊತ್ತಿಲ್ಲದ ಮಾತು ಒಂದಿದೆ. ಅದೇ ಮಾರ್ಗಸೂಚಿ 65 ದಾಟಿದವರಿಗೆ ಇನ್ನೆರಡು ವಿಷಯ ಹೇಳುತ್ತೆ. ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಮೂರು ದಿನವಾದರೂ ಮೈ ಸಮತೋಲನ ಮತ್ತು ಬಲ ಎರಡನ್ನೂ ಕಾಯುವ ಅಭ್ಯಾಸ ಬೇಕು. ಕಾರಣ ಒಂದೇ: ಬೀಳಬಾರದು.

ವಯಸ್ಸಾದಂತೆ ಸ್ನಾಯು ಕರಗುತ್ತೆ. 60ರ ನಂತರ ಆ ವೇಗ ಹೆಚ್ಚು. ತೊಡೆಯ ಬಲ ಕುಗ್ಗಿದರೆ ಕುರ್ಚಿಯಿಂದ ಏಳಲು ಕೈ ಊರಬೇಕಾಗುತ್ತೆ, ಬಚ್ಚಲಲ್ಲಿ ಕಾಲು ಜಾರಿದರೆ ತಡೆದುಕೊಳ್ಳಲು ಆಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಅದರಲ್ಲಿ 60 ದಾಟಿದವರೇ ಹೆಚ್ಚು. ಸಾವಿನ ಮಾತು ಬಿಟ್ಟರೂ, ಸೊಂಟದ ಮೂಳೆ ಮುರಿದ ಮೇಲೆ ಮತ್ತೆ ಮೊದಲಿನಂತೆ ಒಬ್ಬರೇ ಓಡಾಡುವುದು ಎಲ್ಲರಿಗೂ ಸಾಧ್ಯವಾಗಲ್ಲ. ಮನೆಯವರ ರಜೆ, ಆಸ್ಪತ್ರೆ ಬಿಲ್ಲು, ಹೋಂ ನರ್ಸ್, ಆಮೇಲೆ ‘ನಿನ್ನಿಂದ ಎಲ್ಲರಿಗೂ ತೊಂದರೆ’ ಅನ್ನೋ ಮುಖಗಳು, ಇವೆಲ್ಲ ಆ ಒಂದು ಜಾರುವಿಕೆಯ ಹಿಂದೆ ಬರುತ್ತವೆ.

ಇದಕ್ಕೆ ಜಿಮ್ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಅಡುಗೆ ಕಟ್ಟೆ ಹಿಡಿದು ಒಂಟಿಕಾಲಲ್ಲಿ ಕೆಲವು ಸೆಕೆಂಡು ನಿಲ್ಲುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಹಿಮ್ಮಡಿ ಎತ್ತಿ ಇಳಿಸುವುದು ಸಾಕು. ಎದೆನೋವು, ತಲೆಸುತ್ತು, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು. ಪಾರ್ಕುಗಳಲ್ಲಿ ಹಾಕಿರುವ ಓಪನ್ ಜಿಮ್ ಉಪಕರಣಗಳೂ ಕೆಲಸಕ್ಕೆ ಬರುತ್ತವೆ. ಆದರೆ ಯಾವುದನ್ನು ಹೇಗೆ ಬಳಸಬೇಕು, ಮೂಳೆ ಸವೆದವರು ಯಾವುದನ್ನು ಮುಟ್ಟಬಾರದು ಅಂತ ಹೇಳಿಕೊಡುವವರು ಬೇಕು. ಸೊಂಟ ತಿರುಗಿಸುವ ತಟ್ಟೆಯ ಮೇಲೆ ನಿಂತು ಜೋರಾಗಿ ತಿರುಗುವ ಹಿರಿಯರಿಗೆ ಅದು ಬೆನ್ನಿಗೆ ಅಪಾಯ ಆಗಬಹುದು ಅಂತ ಯಾರು ಹೇಳಬೇಕು?

ಯೋಗದ ವಿಷಯದಲ್ಲಿ ಮೈಸೂರು ಯಾರಿಗೂ ಕಡಿಮೆಯಿಲ್ಲ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 2022ರ ಜೂನ್ 21ರಂದು ಯೋಗ ದಿನದ ರಾಷ್ಟ್ರಮಟ್ಟದ ಕಾರ್ಯಕ್ರಮ ಅರಮನೆ ಆವರಣದಲ್ಲೇ ಪ್ರಧಾನಿ ಸಮ್ಮುಖದಲ್ಲಿ ನಡೆಯಿತು. ಕೃಷ್ಣಮಾಚಾರ್ಯರು ನೂರು ವರ್ಷ ಬಾಳಿದವರು. ಪ್ರತಿಯೊಬ್ಬರ ವಯಸ್ಸು, ಮೈಯ ಶಕ್ತಿ ನೋಡಿ ಅವರವರಿಗೆ ತಕ್ಕಂತೆ ಕಲಿಸಬೇಕು ಎಂಬುದು ಅವರ ಪಾಠದ ತಳಹದಿ. ವರ್ಷಕ್ಕೊಮ್ಮೆ ಮೈದಾನದಲ್ಲಿ ಸಾವಿರಾರು ಚಾಪೆ ಹಾಸುವುದಕ್ಕಿಂತ, ಮಂಡಿ ನೋವಿರುವ ಅಜ್ಜಿಗೆ ಕುರ್ಚಿ ಮೇಲೆ ಕೂತು ಮಾಡುವ ಆಸನ ವಾರಕ್ಕೆರಡು ದಿನ ಬೀದಿ ಪಾರ್ಕಲ್ಲಿ ಕಲಿಸಿದರೆ ಅದು ಆ ಪಾಠಕ್ಕೆ ಹತ್ತಿರ.

ಅಜ್ಜಿಗೆ ಬಿಡುವು ಯಾವಾಗ?

ಪಾರ್ಕಿನ ಬೆಂಚುಗಳಲ್ಲಿ ಬೆಳಗ್ಗೆ ಹೊತ್ತು ಗಂಡಸರೇ ಹೆಚ್ಚು ಯಾಕೆ ಅನ್ನೋದಕ್ಕೆ ಉತ್ತರ ಅಡುಗೆಮನೆಯಲ್ಲಿದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಸಂಬಳವಿಲ್ಲದ ಮನೆಗೆಲಸಕ್ಕೆ ಕೊಡುತ್ತಾರೆ. ಗಂಡಸರು 88 ನಿಮಿಷ. ಇದು ಆರು ವರ್ಷ ದಾಟಿದ ಎಲ್ಲರನ್ನೂ ಸೇರಿಸಿದ ಲೆಕ್ಕ. ಗಂಡ ರಿಟೈರ್ ಆಗುತ್ತಾನೆ, ಹೆಂಡತಿಗೆ ರಿಟೈರ್‌ಮೆಂಟ್ ಅನ್ನೋದಿಲ್ಲ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಆರರಿಂದ ಒಂಬತ್ತು ಗಂಟೆ ಅಂದ್ರೆ ಟಿಫಿನ್ ಬಾಕ್ಸ್ ಕಟ್ಟುವ ಹೊತ್ತು. ಪಾರ್ಕಿನ ಗೇಟು ಅದೇ ಹೊತ್ತಿಗೆ ತೆರೆದಿರುತ್ತೆ. ಅಜ್ಜಿಗೆ ಕೈ ಬಿಡುವಾಗುವ ಹನ್ನೊಂದು ಗಂಟೆಗೆ ಎಷ್ಟೋ ಪಾರ್ಕುಗಳ ಗೇಟಿಗೆ ಬೀಗ.

ನರಸಿಂಹರಾಜ ಮೊಹಲ್ಲಾ, ಉದಯಗಿರಿ ಕಡೆ ಇನ್ನೊಂದು ಥರ. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಹೆಂಗಸರಲ್ಲಿ ವಯಸ್ಸಾದವರೂ ಇದ್ದಾರೆ. ದಿನವಿಡೀ ನೆಲದ ಮೇಲೆ ಕೂತು ಮಾಡುವ ಕೆಲಸ. ಕೈ ಓಡುತ್ತೆ, ಮೈ ಕದಲಲ್ಲ. ಇವರಿಗೆ ‘ಬೆಳಗ್ಗೆ ಎದ್ದು ಕುಕ್ಕರಹಳ್ಳಿಗೆ ಬನ್ನಿ’ ಅಂದ್ರೆ ಊರನ್ನೇ ದಾಟಿ ಬರಬೇಕು.

ಹಿರಿಯ ಹೆಂಗಸರ ಓಡಾಟಕ್ಕೆ ನಿಜವಾಗಿ ದಾರಿ ಮಾಡಿಕೊಟ್ಟದ್ದು ಆರೋಗ್ಯ ಇಲಾಖೆಯಲ್ಲ, ಸಾರಿಗೆ ಇಲಾಖೆ ಅಂದ್ರೂ ತಪ್ಪಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಬಸ್ಸಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಂಜನಗೂಡು, ಚಾಮುಂಡಿ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಅಂತ ನೆರೆಹೊರೆಯವರು ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ‘ಬಿಟ್ಟಿ ಬಸ್ಸಲ್ಲಿ ಸುತ್ತಾಡ್ತಾರೆ’ ಅಂತ ಆಡಿಕೊಳ್ಳುವವರು ಒಂದು ಮಾತು ಗಮನಿಸಬೇಕು. ಬಸ್ ಸ್ಟ್ಯಾಂಡಿಗೆ ನಡಿಗೆ, ದೇವಸ್ಥಾನದ ಮೆಟ್ಟಿಲು, ಪ್ರದಕ್ಷಿಣೆ, ಜೊತೆಗೆ ನಗು ಹರಟೆ, ಇಷ್ಟೆಲ್ಲ ಸೇರಿದರೆ ಅದು ಅವರ ಪಾಲಿಗೆ ವಾರದ ವ್ಯಾಯಾಮ. 60 ದಾಟಿದ ಗಂಡಸರಿಗೆ ಸಾರಿಗೆ ನಿಗಮದ ಬಸ್ಸಲ್ಲಿ ಇರುವುದು ಶೇ 25 ರಿಯಾಯಿತಿ.

ಚಾಮುಂಡಿ ಬೆಟ್ಟದ ಮಾತು ಬಂದದ್ದಕ್ಕೆ ಒಂದು ಕಿವಿಮಾತು. ಸಾವಿರ ಮೆಟ್ಟಿಲು ಹತ್ತುವಾಗ ದಮ್ಮು ಬರುತ್ತೆ, ಆದರೆ ಮಂಡಿಗೆ ಹೆಚ್ಚು ಪೆಟ್ಟು ಬೀಳೋದು ಇಳಿಯುವಾಗ. ಹತ್ತಿ ದರ್ಶನ ಮಾಡಿ ಇಳಿಯಲು ಸಿಟಿ ಬಸ್ ಹಿಡಿಯುವ ಹಳಬರದು ಸೋಮಾರಿತನ ಅಲ್ಲ, ಬುದ್ಧಿವಂತಿಕೆ.

ಹಳ್ಳಿಯಲ್ಲಿ ಕತೆ ಬೇರೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ 70 ವರ್ಷದ ರೈತನಿಗೆ ‘ವಾಕಿಂಗ್ ಮಾಡಿ’ ಅಂದರೆ ನಗುತ್ತಾನೆ. ಹೊಲಕ್ಕೆ ಹೋಗಿ ಬರೋದೇ ಅವನ ವಾಕಿಂಗ್. ಕುರಿ ಮೇಯಿಸುವುದು, ಹಸುವಿಗೆ ಹುಲ್ಲು ಹೊರುವುದು, ಹೊಗೆಸೊಪ್ಪಿನ ಕಾಲದಲ್ಲಿ ಕಡ್ಡಿಗೆ ಎಲೆ ಪೋಣಿಸುವುದು ಎಲ್ಲದರಲ್ಲೂ ಹಿರಿಯರ ಕೈ ಇರುತ್ತೆ. ಹಿರಿಯರ ಬಗ್ಗೆ 2017–18ರಲ್ಲಿ ದೇಶದಾದ್ಯಂತ ನಡೆದ ‘ಲಾಸಿ’ ಸಮೀಕ್ಷೆಯಲ್ಲಿ, 60 ದಾಟಿದವರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಜನ ಇನ್ನೂ ದುಡಿಯುತ್ತಿದ್ದರು.

ಹಾಗಂತ ಹಳ್ಳಿ ಹಿರಿಯರಿಗೆ ಚಿಂತೆಯಿಲ್ಲ ಅಂತಲ್ಲ. ಅಲ್ಲಿ ಓಡಾಟ ನಿಧಾನವಾಗಿ ಕಡಿಮೆಯಾಗಲ್ಲ, ಒಂದು ದಿನ ತಟ್ಟನೆ ನಿಲ್ಲುತ್ತೆ. ಕಣ್ಣಿಗೆ ಪೊರೆ ಬಂತು, ಮಂಡಿ ಹಿಡಿಯಿತು, ಹಸು ಮಾರಿದರು, ಜಮೀನು ಭೋಗ್ಯಕ್ಕೆ ಹೋಯಿತು. ಅಲ್ಲಿಗೆ ಜಗಲಿಯೇ ಗತಿ. ನಿನ್ನೆವರೆಗೆ ಹತ್ತು ಗಂಟೆ ನಿಂತಿದ್ದ ಮೈ ಇವತ್ತಿಂದ ಹತ್ತು ಗಂಟೆ ಕೂರುತ್ತೆ. ನಡುವೆ ಮೆಲ್ಲಗೆ ಇಳಿಯುವ ಮೆಟ್ಟಿಲೇ ಇಲ್ಲ. ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿಯಲ್ಲಿ ಮಾತ್ರೆ ಬರುತ್ತೆ, ಫಿಸಿಯೋಥೆರಪಿಗೆ ತಾಲ್ಲೂಕಿಗೆ ಓಡಾಡಲು ಆಗಲ್ಲ.

ಬಿಡುವಿನ ಹೊತ್ತು ಅಂದ್ರೆ ಜೊತೆ

ಹಿರಿಯರಿಗೆ ಇಷ್ಟವಾದದ್ದು ಏನು ಅಂತ ಕೇಳಿದರೆ ಹೆಚ್ಚಿನವರ ಉತ್ತರದಲ್ಲಿ ವ್ಯಾಯಾಮ ಮೊದಲು ಬರಲ್ಲ. ಅರಳಿಕಟ್ಟೆಯ ಮಾತು, ಇಸ್ಪೀಟು, ಪೇಪರ್ ಓದು, ಭಜನೆ, ಸೋಬಾನೆ, ಹೂ ಕಟ್ಟುವುದು, ಕೈತೋಟ, ಧಾರಾವಾಹಿ, ಒಂಟಿಕೊಪ್ಪಲಿನ ಗಣೇಶೋತ್ಸವದ ಕಛೇರಿ, ರಂಗಾಯಣದ ನಾಟಕ, ಹೀಗೆ ಒಬ್ಬೊಬ್ಬರದು ಒಂದೊಂದು. ಚೌಕಾಬಾರ, ಅಳಗುಳಿ ಮಣೆ, ಹುಲಿ–ಕುರಿ ಆಟ ಈ ಸೀಮೆಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆ ಆಟಗಳ ಹುಚ್ಚು ಎಷ್ಟಿತ್ತೆಂದರೆ, ಜಗನ್ಮೋಹನ ಅರಮನೆಯ ಗೋಡೆ ಮೇಲೂ ಆಟದ ಮನೆಗಳ ಚಿತ್ರಗಳಿವೆ. ಕುಕ್ಕರಹಳ್ಳಿ ಕೆರೆ ಕಟ್ಟಿಸಿದ್ದೂ ಅವರ ಕಾಲದಲ್ಲೇ, 1864ರಲ್ಲಿ.

ಈ ಎಲ್ಲದರಲ್ಲೂ ಇರುವ ಒಂದು ಅಂಶ ಜೊತೆ. ಪಾರ್ಕಿಗೆ ಇಪ್ಪತ್ತು ವರ್ಷದಿಂದ ತಪ್ಪದೆ ಬರುವವರನ್ನು ಹಿಡಿದಿಟ್ಟಿರುವುದು ಡಾಕ್ಟರ ಚೀಟಿಯಲ್ಲ, ಬೆಂಚಿನ ಗೆಳೆಯರು. ಒಬ್ಬರು ಎರಡು ದಿನ ಬರಲಿಲ್ಲ ಅಂದ್ರೆ ಮೂರನೇ ದಿನ ಫೋನ್ ಹೋಗುತ್ತೆ. ಒಂಟಿಯಾಗಿ ಶುರು ಮಾಡಿದ ನಡಿಗೆ ಮಳೆಗಾಲಕ್ಕೆ ನಿಲ್ಲುತ್ತೆ, ಗುಂಪಿನದು ನಿಲ್ಲಲ್ಲ. ಹಾಗಾಗಿ ಹಿರಿಯರನ್ನು ವ್ಯಾಯಾಮದ ಕಡೆ ಎಳೆಯುವುದಕ್ಕಿಂತ, ಅವರು ಈಗಾಗಲೇ ಸೇರುವ ಜಾಗಕ್ಕೆ ವ್ಯಾಯಾಮವನ್ನು ಒಯ್ಯುವುದು ಸುಲಭ. ಭಜನೆ ಶುರುವಾಗುವ ಮುಂಚೆ ಹತ್ತು ನಿಮಿಷ ಎದ್ದು ಕೂರುವ ಅಭ್ಯಾಸ ಮಾಡಿಸಿದರೆ ಯಾರೂ ಬೇಡ ಅನ್ನಲ್ಲ.

ಹೊಸ ಲೇಔಟ್, ಹಳೇ ಸಮಸ್ಯೆ

ಜಾಗದ ಪ್ರಶ್ನೆ ಈಗ ಇನ್ನಷ್ಟು ಮುಖ್ಯ. ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನು ಸೇರಿಸಿ ‘ಗ್ರೇಟರ್ ಮೈಸೂರು’ ಮಾಡುವ ಮಾತು ಜೋರಾಗಿದೆ. ನಿವೃತ್ತಿಯ ಹಣದಲ್ಲಿ ಸೈಟು ಕೊಂಡವರಲ್ಲಿ ಬಹಳ ಜನ ಈ ಅಂಚಿನಲ್ಲೇ ಇದ್ದಾರೆ. ನಕ್ಷೆಯಲ್ಲಿ ಪಾರ್ಕು ಇರುತ್ತೆ, ನೆಲದ ಮೇಲೆ ಪಾರ್ಥೇನಿಯಂ ಗಿಡ ಇರುತ್ತೆ. ಖಾಸಗಿ ಬಡಾವಣೆ ಹಸ್ತಾಂತರ ಆಗಿಲ್ಲ ಅನ್ನೋ ಉತ್ತರ ಕೇಳಿ ಕೇಳಿ ಜನಕ್ಕೆ ಸಾಕಾಗಿದೆ. ಹೊರ ಪ್ರದೇಶ ಸೇರಿಸಿಕೊಳ್ಳುವಾಗ ರಸ್ತೆ, ನೀರು, ಒಳಚರಂಡಿ ಜೊತೆ ಫುಟ್‌ಪಾತ್, ಪಾರ್ಕನ್ನೂ ಯೋಜನೆಯಲ್ಲಿ ಸೇರಿಸದಿದ್ದರೆ ಮುಂದಿನ ಹತ್ತು ವರ್ಷಕ್ಕೆ ಅಲ್ಲಿನ ಹಿರಿಯರು ಮನೆಯ ಟೆರೇಸ್ ಮೇಲೇ ರೌಂಡು ಹೊಡೆಯಬೇಕು.

ಹೇಳಿಕೊಳ್ಳೋಣ ಅಂದ್ರೆ ಕೇಳುವವರು ಯಾರು ಅನ್ನೋದೂ ಪ್ರಶ್ನೆ. 65 ವಾರ್ಡುಗಳ ಪಾಲಿಕೆಯ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಚುನಾವಣೆ ಮುಂದೆ ಹೋಗಿ ಆಡಳಿತಾಧಿಕಾರಿ ಕೈಗೆ ಅಧಿಕಾರ ಬಂತು. ಮುರಿದ ಬೆಂಚು, ಕೆಟ್ಟ ದೀಪದಂಥ ಸಣ್ಣ ದೂರುಗಳನ್ನು ಹಿರಿಯರು ಆ್ಯಪ್‌ನಲ್ಲಿ ಹಾಕಲ್ಲ, ದಾರಿಯಲ್ಲಿ ಸಿಕ್ಕ ಕಾರ್ಪೊರೇಟರನ್ನು ನಿಲ್ಲಿಸಿ ಕೇಳುತ್ತಾರೆ. ಆ ದಾರಿ ಮುಚ್ಚಿದಾಗ ಮೊದಲು ನಷ್ಟವಾಗುವುದು ಇವರಿಗೇ.

ಏನು ಮಾಡಬಹುದು?

ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಇರುವುದರಲ್ಲೇ ಆಗುವ ಕೆಲಸಗಳಿವೆ:

- ಪಾರ್ಕುಗಳ ಗೇಟು ಮಧ್ಯಾಹ್ನದ ಹೊತ್ತೂ ತೆರೆದಿರಲಿ. ವಾರ್ಡಿಗೆ ಒಂದಾದರೂ ಪಾರ್ಕಿನಿಂದ ಶುರು ಮಾಡಬಹುದು.

- ನಡಿಗೆ ದಾರಿಯಲ್ಲಿ ಸ್ವಲ್ಪ ಸ್ವಲ್ಪ ದೂರಕ್ಕೆ ಬೆನ್ನು, ಕೈ ಆನಿಸುವ ಬೆಂಚು, ಹತ್ತಿರದಲ್ಲೇ ಶೌಚಾಲಯ ಇರಲಿ. ಪದೇ ಪದೇ ಮೂತ್ರಕ್ಕೆ ಹೋಗಬೇಕಾದ ಶುಗರ್, ಪ್ರಾಸ್ಟೇಟ್ ತೊಂದರೆಯವರು ಹೊರಗೆ ಬಾರದಿರಲು ದೊಡ್ಡ ಕಾರಣ ಇದೇ.

- ‘ನಮ್ಮ ಕ್ಲಿನಿಕ್’ ಮತ್ತು ಆಯುಷ್ಮಾನ್ ಆರೋಗ್ಯ ಮಂದಿರಗಳನ್ನು ಬಳಸಿಕೊಳ್ಳಬೇಕು. ಆರೋಗ್ಯ ಮಂದಿರಗಳ ಸೇವಾ ಪಟ್ಟಿಯಲ್ಲಿ ಹಿರಿಯರ ಆರೈಕೆ, ಯೋಗ ಎರಡೂ ಇವೆ. ಅಲ್ಲಿನ ಸಿಬ್ಬಂದಿ ವಾರಕ್ಕೊಮ್ಮೆ ಕಟ್ಟೆಗೆ, ಪಾರ್ಕಿಗೆ ಬಂದು ಬೀಳದಂತೆ ಕಾಯುವ ನಾಲ್ಕು ವ್ಯಾಯಾಮ ಕಲಿಸಿದರೆ ಸಾಕು.

- ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಪೇಪರ್ ಓದಲು ಬರುವ ಹಿರಿಯರಿಗೆ ಅದೇ ಜಾಗದಲ್ಲಿ ದಿನಕ್ಕೆ ಅರ್ಧ ಗಂಟೆ ಗುಂಪು ಚಟುವಟಿಕೆ ಮಾಡಿಸಬಹುದು. ಹೆಂಗಸರಿಗೆ ಸ್ವಸಹಾಯ ಸಂಘದ ಸಭೆಯೇ ಸರಿಯಾದ ಜಾಗ.

- ಅಕ್ಟೋಬರ್ 1ರ ವಿಶ್ವ ಹಿರಿಯರ ದಿನಕ್ಕೆ ಮುಂಚೆ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ವಯಸ್ಸಿನ ಗುಂಪು ಮಾಡಿ ಕ್ರೀಡೆ, ಸಾಂಸ್ಕೃತಿಕ ಸ್ಪರ್ಧೆ ನಡೆಸುತ್ತೆ. ಅದು ಜಿಲ್ಲಾ ಕೇಂದ್ರದಲ್ಲಿ ಒಂದು ದಿನದ ಹಬ್ಬವಾಗಿ ಮುಗಿಯುವ ಬದಲು ತಾಲ್ಲೂಕು, ಹೋಬಳಿಗಳಲ್ಲಿ ತಿಂಗಳಿಗೊಮ್ಮೆ ಸೇರುವ ನೆಪವಾಗಲಿ.

ಮನೆಯವರ ಪಾಲೂ ಇದೆ. ‘ನಿಮಗ್ಯಾಕೆ ಬಿಡಿ, ಕೂತ್ಕೊಳ್ಳಿ’ ಅನ್ನೋ ಮಾತು ಪ್ರೀತಿಯಿಂದಲೇ ಬರುತ್ತೆ. ಆದರೆ ಅಪ್ಪ ಅಂಗಡಿಗೆ ಹೋಗುವುದನ್ನು, ಅಮ್ಮ ಮೆಟ್ಟಿಲು ಹತ್ತುವುದನ್ನು ಒಂದೊಂದಾಗಿ ಬಿಡಿಸುತ್ತಾ ಹೋದರೆ ಅವರ ಕಾಲಿನ ಬಲವೂ ಒಂದೊಂದಾಗಿ ಹೋಗುತ್ತೆ. ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿ, ಜಾರದ ಚಪ್ಪಲಿ ಕೊಡಿಸಿ, ಕಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ‘ಹೋಗಿ ಬನ್ನಿ’ ಅನ್ನೋದು ಹೆಚ್ಚು ಉಪಕಾರ. ಬೆಳಗಿನ ಟಿಫಿನ್ ಬಾಕ್ಸ್ ಕೆಲಸವನ್ನು ವಾರದಲ್ಲಿ ಮೂರು ದಿನ ಬೇರೆಯವರು ಹಂಚಿಕೊಂಡರೆ ಅಜ್ಜಿಯೂ ಪಾರ್ಕಿಗೆ ಬರುತ್ತಾಳೆ.

ಪಾಲಿಕೆ ಚುನಾವಣೆ ಇವತ್ತಲ್ಲ ನಾಳೆ ಬಂದೇ ಬರುತ್ತೆ. ಮತ ಕೇಳಲು ಬರುವವರು ಎಲ್ಲಕ್ಕಿಂತ ಮೊದಲು ಬೆಳಗಿನ ಪಾರ್ಕಿಗೇ ಬರುತ್ತಾರೆ, ಅದು ಗೊತ್ತಿರುವ ವಿಷಯ. ಅವರ ಕೈಗೆ ಒಂದು ಪಟ್ಟಿ ಕೊಡಲು ಅದೇ ಸರಿಯಾದ ಹೊತ್ತು: ನಮ್ಮ ಬೀದಿಯ ಫುಟ್‌ಪಾತ್ ಯಾವಾಗ, ಹನ್ನೊಂದು ಗಂಟೆಗೆ ಗೇಟು ತೆಗೀತೀರಾ, ಪಾರ್ಕಿಗೆ ಬರಲಾಗದ ನಮ್ಮ ಪಕ್ಕದ ಮನೆಯವರಿಗೆ ಏನು ಮಾಡ್ತೀರಾ?